ಬಾಟಲಿ, ಲಸಿಕೆ ಮತ್ತು ನಮ್ಮಜ್ಜಿಯ ಕೋಳಿಗಳು

ಇವತ್ತಿನ ಸಂಚಿಕೆ ಕೋಳಿ ಬಗ್ಗೆ. ನಗಬೇಡಿ. ರಾಜರ ಚರಿತ್ರೆ, ಯುದ್ಧದ ಚರಿತ್ರೆ ಹೇಳೋರು ಬೇಕಾದಷ್ಟು ಜನ ಇದ್ದಾರೆ. ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಕಡೆ ಬೆಳಿಗ್ಗೆ ಬುಟ್ಟಿ ಎತ್ತಿದ ಕೂಡಲೇ ಅಂಗಳಕ್ಕೆ ಓಡೋ ಕೋಳಿಗೂ ಒಂದು ಚರಿತ್ರೆ ಇದೆ. ಅದು ನನಗೆ ಗೊತ್ತಾಗಿದ್ದು ಕೈ ಸುಟ್ಟುಕೊಂಡ ಮೇಲೆ.

2020ರ ಲಾಕ್‌ಡೌನ್‌ನಲ್ಲಿ ಬೆಂಗಳೂರಿನ ಲೆಕ್ಕಪತ್ರದ ಕೆಲಸ ಬಿಟ್ಟು ಕುಷ್ಟಗಿ ತಾಲ್ಲೂಕಿನ ನಮ್ಮೂರಿಗೆ ಬಂದೆ. ಬಿಕಾಂ ಓದಿದವಳು, ಸುಮ್ಮನೆ ಕೂರೋಕೆ ಆಗಲಿಲ್ಲ. ಚಳಿಗಾಲದಲ್ಲಿ 40 ಗಿರಿರಾಜ ಮರಿ ತಂದೆ. ಪಶು ಆಸ್ಪತ್ರೆಯಲ್ಲಿ ಲಸಿಕೆ ಹಾಕಿಸು ಅಂದ್ರು. ಲೆಕ್ಕ ಹಾಕಿದೆ. ಅವತ್ತು ಸಿಕ್ಕ ಲಸಿಕೆ ಶೀಷೆ 500 ಕೋಳಿಗಳಿಗೆ ಆಗುವಂಥದ್ದು. ನನ್ನ ಹತ್ರ ಇದ್ದದ್ದು 40. ಅದನ್ನ ಐಸ್‌ನಲ್ಲಿ ಇಟ್ಟು ತರಬೇಕು, ಕಲಸಿದ ಮೇಲೆ ಒಂದೆರಡು ಗಂಟೆಯೊಳಗೆ ಮುಗಿಸಬೇಕು, ಉಳಿದದ್ದು ಚೆಲ್ಲಬೇಕು. ದಂಡ ಅನ್ನಿಸ್ತು. ಅದೇ ದಿನ ಒಂದು ಅಂಗಡಿಯಲ್ಲಿ ಗಿಡಮೂಲಿಕೆಯ ಬಾಟಲಿ ಸಿಕ್ತು. "ಮೇವಿಗೆ ಕಲಸಿ ಹಾಕ್ರಿ, ಯಾವ ವೈರಸ್ಸೂ ಹತ್ರ ಬರಂಗಿಲ್ಲ" ಅಂದ್ರು. ತಂದೆ. ದಿನಾ ತಪ್ಪದೆ ಹಾಕಿದೆ.

2021ರ ಯುಗಾದಿಗೆ ಹದಿನೈದು ದಿನ ಇರುವಾಗ ಪಕ್ಕದ ಮನೆಯವರು ಸಂತೆಯಿಂದ ಎರಡು ಹುಂಜ ತಂದ್ರು. ವಾರದೊಳಗೆ ಅವೂ ಸತ್ತವು, ನನ್ನವೂ ಶುರುವಾದವು. ಹಸಿರು ಹಿಕ್ಕೆ, ಬಾಯಿ ತೆರೆದು ಉಸಿರಾಟ, ಕೊನೆಗೆ ಕತ್ತು ತಿರುಚಿಕೊಂಡು ಬೀಳೋದು. ಆರು ದಿನದಲ್ಲಿ 33 ಹೋದವು. ಅಜ್ಜಿ ಬಾಗಿಲಲ್ಲಿ ಕೂತು, "ಗಾಳಿ ಬಡದೈತಿ, ಏನ್ ಹಾಕಿದ್ರೂ ನಿಲ್ಲಂಗಿಲ್ಲ ಬಿಡವಾ" ಅಂದಳು. ನನಗೆ ಸಿಟ್ಟು ಬಂತು. ಆಮೇಲೆ ಓದ್ತಾ ಹೋದ ಹಾಗೆ, ಅಜ್ಜಿ ಹೇಳಿದ್ದರಲ್ಲಿ ಅರ್ಧ ಸರಿ ಇತ್ತು ಅಂತ ಗೊತ್ತಾಯ್ತು. ಇನ್ನರ್ಧದ ಕಥೆಯೇ ಈ ಸಂಚಿಕೆ.

ರೋಗಕ್ಕೆ ಒಂದು ಊರಿನ ಹೆಸರು

ಕನ್ನಡದಲ್ಲಿ ಇದನ್ನ ಕೊಕ್ಕರೆ ರೋಗ ಅಂತಾರೆ. ಪಶುವೈದ್ಯರು ರಾಣಿಖೇತ್ ಅಂತಾರೆ. ಜಗತ್ತಿನ ಪುಸ್ತಕಗಳಲ್ಲಿ ನ್ಯೂಕ್ಯಾಸಲ್ ರೋಗ. ಮೂರೂ ಒಂದೇ.

ದಾಖಲೆಗೆ ಸಿಗೋ ಚರಿತ್ರೆ ಶುರುವಾಗೋದು 1926ರಲ್ಲಿ. ಆ ವರ್ಷ ಜಾವಾ ದ್ವೀಪದಲ್ಲೂ ಇಂಗ್ಲೆಂಡಿನ ನ್ಯೂಕ್ಯಾಸಲ್ ಪಟ್ಟಣದ ಹತ್ತಿರವೂ ಕೋಳಿಗಳು ರಾಶಿ ರಾಶಿ ಸತ್ತವು. ಡಾಯ್ಲ್ ಅನ್ನೋ ವಿಜ್ಞಾನಿ ಇದು ಹಕ್ಕಿಜ್ವರ ಅಲ್ಲ, ಬೇರೆಯದೇ ವೈರಸ್ ಅಂತ ತೋರಿಸಿ, 1927ರಲ್ಲಿ ಊರಿನ ಹೆಸರನ್ನೇ ಇಟ್ರು. ಹೆಚ್ಚು ಕಡಿಮೆ ಅದೇ ಹೊತ್ತಿಗೆ ಹಿಮಾಲಯದ ತಪ್ಪಲಿನ ಕುಮಾವೂಂ ಸೀಮೆಯ ರಾಣಿಖೇತ್‌ನಲ್ಲಿ ರೋಗ ಕಾಣಿಸಿಕೊಂಡಿತ್ತು. ಪಕ್ಕದ ಮುಕ್ತೇಶ್ವರದ ಪ್ರಯೋಗಾಲಯದಲ್ಲಿ ಎಡ್ವರ್ಡ್ಸ್ ಅದನ್ನ ಗುರುತಿಸಿದ್ರು. ಹಾಗಾಗಿ ಒಂದು ಗಿರಿಧಾಮದ ಹೆಸರು ಕುಷ್ಟಗಿಯ ಕೋಳಿಗೂಡಿಗೆ ಬಂದು ಕೂತಿತು.

ಈ ಇಸವಿಗಳನ್ನ ಯಾಕೆ ಒತ್ತಿ ಹೇಳ್ತಿದ್ದೀನಿ ಅಂದ್ರೆ, ನನ್ನ ಬಾಟಲಿ ಮೇಲೆ "ಸಾವಿರಾರು ವರ್ಷಗಳ ಪರಂಪರೆ" ಅಂತ ಬರೆದಿತ್ತು. ಗಿಡಗಳದ್ದು ಸಾವಿರಾರು ವರ್ಷ ಇರಬಹುದು. ಈ ರೋಗಕ್ಕೆ ಹೆಸರು ಬಂದೇ ನೂರು ವರ್ಷ ಆಗಿಲ್ಲ.

ದನಕ್ಕೆ ಪುಸ್ತಕ, ಕೋಳಿಗೆ ಬಾಯಿಮಾತು

ಹಾಗಾದ್ರೆ ಹಳೆಯ ಪುಸ್ತಕಗಳಲ್ಲಿ ಏನಿದೆ? ಹುಡುಕಿದೆ. ಕಲ್ಯಾಣದ ಚಾಲುಕ್ಯರ ಕಾಲ ನಮ್ಮ ಸೀಮೆಗೆ ಬಲು ದೊಡ್ಡ ಕಾಲ. ಯಲಬುರ್ಗಾ ಆಗ ಸಿಂದರ ರಾಜಧಾನಿ. ಇಟಗಿಯ ಮಹಾದೇವ ದೇವಾಲಯ ಎದ್ದಿದ್ದು 1112ರಲ್ಲಿ, ಆರನೇ ವಿಕ್ರಮಾದಿತ್ಯನ ದಂಡನಾಯಕ ಮಹಾದೇವ ಕಟ್ಟಿಸಿದ್ದು. ಸುಮಾರು ಅದೇ ಕಾಲದಲ್ಲಿ ಚಾಲುಕ್ಯ ಮನೆತನದ ಕೀರ್ತಿವರ್ಮ ಕನ್ನಡದಲ್ಲಿ ಒಂದು ಪಶುವೈದ್ಯ ಗ್ರಂಥ ಬರೆದ. ಹೆಸರು 'ಗೋವೈದ್ಯ'. ಔಷಧಿ, ಮಂತ್ರ ಎರಡೂ ಬೆರೆತ ಪುಸ್ತಕ. ಹೆಸರೇ ಹೇಳೋ ಹಾಗೆ ಅದು ದನಗಳದ್ದು. ಕುದುರೆಗೂ ಕನ್ನಡದಲ್ಲಿ ಶಾಸ್ತ್ರ ಇದೆ.

ಕೋಳಿ? ಸೋಮೇಶ್ವರನ ಸಂಸ್ಕೃತ 'ಮಾನಸೋಲ್ಲಾಸ'ದಲ್ಲಿ ಹುಂಜ ಬರುತ್ತೆ, ಆದ್ರೆ ಅರಮನೆಯ ವಿನೋದಕ್ಕೆ, ಕೋಳಿ ಕಾಳಗಕ್ಕೆ. ಹುಷಾರಿಲ್ಲದ ಹ್ಯಾಟೆಗೆ ಏನು ಹಾಕಬೇಕು ಅನ್ನೋ ಪುಸ್ತಕ ಹುಡುಕಿದ್ರೆ ನನ್ನ ಕೈ ಖಾಲಿ.

ಯಾಕಿರಬಹುದು? ದನ ಗೌಡರದ್ದು, ಗುಡಿಯದ್ದು, ಉಳುಮೆಯದ್ದು. ಕುದುರೆ ದಂಡಿನದ್ದು. ಕೋಳಿ ಹೆಂಗಸರದ್ದು. ಮೊಟ್ಟೆ ಮಾರಿ ಉಪ್ಪು, ಬಳೆ, ಮಗಳ ನೋಟ್‌ಬುಕ್ಕು ತರೋ ಅಷ್ಟು ಸಣ್ಣ ಲೆಕ್ಕ. ಆ ಲೆಕ್ಕವನ್ನ ಯಾರೂ ತಾಡೋಲೆಗೆ ಬರೆಯಲಿಲ್ಲ. ಅದು ಬಾಯಿಯಿಂದ ಬಾಯಿಗೆ ಬಂತು. ನಮ್ಮಜ್ಜಿಗೆ ಅವಳ ಅತ್ತೆಯಿಂದ ಬಂದದ್ದು ಇಷ್ಟು: ಬೆಳ್ಳುಳ್ಳಿ, ಈರುಳ್ಳಿ ಜಜ್ಜಿ, ಅರಿಶಿನ, ಮೆಣಸಿನ ಪುಡಿ ಸೇರಿಸಿ ಜೋಳದ ನುಚ್ಚಿನಲ್ಲಿ ಉಂಡೆ ಮಾಡಿ ನುಂಗಿಸೋದು. ಗೂಡಿಗೆ ಬೇವಿನ ಸೊಪ್ಪಿನ ಹೊಗೆ. ಮಣ್ಣಿನಲ್ಲಿ ಹೊರಳಾಡೋ ಜಾಗಕ್ಕೆ ಒಲೆಯ ಬೂದಿ.

ಇದನ್ನ ಮೂಢನಂಬಿಕೆ ಅಂತ ತಳ್ಳಿ ಹಾಕೋಕೆ ನಾನು ತಯಾರಿಲ್ಲ. ಬೂದಿ ಮೈಯ ಹೇನು ಕಡಿಮೆ ಮಾಡುತ್ತೆ. ಬೆಳ್ಳುಳ್ಳಿ, ಅರಿಶಿನ ಮೇವಿಗೆ ಬೆರೆಸಿದಾಗ ಕೋಳಿಯ ತೂಕ, ಜೀರ್ಣಶಕ್ತಿ ಒಂದಿಷ್ಟು ಸುಧಾರಿಸಿದ ಪ್ರಯೋಗಗಳು ಇವೆ, ಏನೂ ಬದಲಾಗದ ಪ್ರಯೋಗಗಳೂ ಇವೆ. ಅಜ್ಜಿಯ ಉಂಡೆ ಮಂಕಾದ ಕೋಳಿಯನ್ನ ಎಷ್ಟೋ ಸಲ ಎಬ್ಬಿಸಿದೆ. ಗಾಳಿ ಬಡಿದ ಕೋಳಿಯನ್ನ ಎಬ್ಬಿಸುತ್ತೆ ಅಂತ ಮಾತ್ರ ಅವಳು ಯಾವತ್ತೂ ಹೇಳಲಿಲ್ಲ. ಹೇಳಿದ್ದು ಬಾಟಲಿ.

ಮುಕ್ತೇಶ್ವರದಿಂದ ಹೆಬ್ಬಾಳಕ್ಕೆ

ಈಗ ಲಸಿಕೆ ಕಡೆ ಬರೋಣ. ಮುಕ್ತೇಶ್ವರದ ಆ ಪ್ರಯೋಗಾಲಯ ಶುರುವಾಗಿದ್ದು 1889ರಲ್ಲಿ ಪುಣೆಯಲ್ಲಿ. 1893ರಲ್ಲಿ ಬೆಟ್ಟಕ್ಕೆ ಹೋಯ್ತು. ಅದರ ದೊಡ್ಡ ಚಿಂತೆ ದನಗಳ ದೊಡ್ಡರೋಗ. ನಮ್ಮಲ್ಲಿ 1925ರಲ್ಲಿ ಬೆಂಗಳೂರಿನ ಹೆಬ್ಬಾಳದಲ್ಲಿ ಮೈಸೂರು ಸೀರಂ ಸಂಸ್ಥೆ ಶುರುವಾಯ್ತು. ಅದೂ ದೊಡ್ಡರೋಗಕ್ಕಾಗಿ. ಇವತ್ತು ಅದೇ ಪಶು ಆರೋಗ್ಯ ಮತ್ತು ಜೈವಿಕ ಸಂಸ್ಥೆ, ಕೋಳಿ ಲಸಿಕೆಯನ್ನೂ ತಯಾರಿಸುತ್ತೆ. ಆಗ ಕೊಪ್ಪಳ, ಯಲಬುರ್ಗಾ ನಿಜಾಮರ ರಾಜ್ಯದಲ್ಲಿ ಸಾಲಾರ್ ಜಂಗರ ಜಾಗೀರು. ಹೆಬ್ಬಾಳ ಇದ್ದದ್ದು ಇನ್ನೊಂದು ರಾಜ್ಯದಲ್ಲಿ. ಎರಡೂ ಒಂದೇ ರಾಜ್ಯದೊಳಗೆ ಬಂದದ್ದು 1956ರಲ್ಲಿ. ಕೊಪ್ಪಳ ರಾಯಚೂರಿನಿಂದ ಬೇರೆಯಾಗಿ ಜಿಲ್ಲೆಯಾಗಿದ್ದು 1997ರಲ್ಲಿ.

ಗೋವೈದ್ಯದ ಕಾಲದ ಸಾಲು ಇಲ್ಲೂ ಹಾಗೇ ಇದೆ ನೋಡಿ. ಮೊದಲು ದನ, ಆಮೇಲೆ ಕೋಳಿ. ಆದ್ರೂ ಕೋಳಿಯ ಸರದಿ ಬಂತು. 1940ರ ದಶಕದಲ್ಲಿ ಹ್ಯಾಡೋ ಮತ್ತು ಇದ್ನಾನಿ ಅನ್ನೋ ಇಬ್ಬರು ರಾಣಿಖೇತ್ ವೈರಸ್ಸನ್ನ ಮರಿಗಟ್ಟುತ್ತಿರೋ ಮೊಟ್ಟೆಗಳೊಳಗೆ ಒಂದಾದ ಮೇಲೊಂದರಂತೆ ದಾಟಿಸಿ, ಅದರ ಹಲ್ಲು ಮುರಿದು ಲಸಿಕೆ ಮಾಡಿದ್ರು. ಆರ್‌2ಬಿ ಅಂತ ಇವತ್ತೂ ಹಾಕ್ತಾರಲ್ಲ, ಅದು ಈ ಮುಕ್ತೇಶ್ವರದ ತಳಿಯೇ. ಅದು ಎಳೆ ಮರಿಗೆ ಜೋರು. ಹಾಗಾಗಿ ಮೊದಲ ವಾರದಲ್ಲಿ ಎಫ್ ತಳಿ ಅಥವಾ ಲಾಸೋಟಾ ಲಸಿಕೆಯ ಒಂದು ಹನಿ ಕಣ್ಣಿಗೋ ಮೂಗಿಗೋ, ಆರರಿಂದ ಎಂಟು ವಾರಕ್ಕೆ ರೆಕ್ಕೆ ಕೆಳಗೆ ಆರ್‌2ಬಿ. ಲಾಸೋಟಾ ಅನ್ನೋದು 1946ರಲ್ಲಿ ಅಮೆರಿಕದ ನ್ಯೂಜೆರ್ಸಿಯಲ್ಲಿ ಯಾರ ಫಾರ್ಮಿನಲ್ಲಿ ಆ ಸೌಮ್ಯ ವೈರಸ್ ಸಿಕ್ಕಿತೋ ಆ ರೈತನ ಅಡ್ಡಹೆಸರು.

ಲಸಿಕೆಯಿಂದ ದೊಡ್ಡ ಫಾರ್ಮ್ ಸಾಧ್ಯವಾಯ್ತು. ನಮ್ಮ ಕಡೆ ಅದಕ್ಕೆ ಬೇಕಾದ ಮೇವೂ ಇತ್ತು. 1953ರಲ್ಲಿ ತುಂಗಭದ್ರಾ ಅಣೆಕಟ್ಟು ತುಂಬಿದ ಮೇಲೆ ಗಂಗಾವತಿ ಭತ್ತದ ಕಣಜ ಆಯ್ತು. ಅಲ್ಲಿನ ಮಿಲ್‌ಗಳಿಂದ ತೌಡು, ನುಚ್ಚು, ನೆಲಕ್ಕೆ ಹಾಸೋಕೆ ಹೊಟ್ಟು. ಯಲಬುರ್ಗಾ, ಕುಷ್ಟಗಿಯ ಮಳೆಯಾಶ್ರಿತ ಹೊಲಗಳಿಂದ ಮೆಕ್ಕೆಜೋಳ. 1982ರಲ್ಲಿ ಮೊಟ್ಟೆ ಉತ್ಪಾದಕರ ಸಂಸ್ಥೆ ಎನ್‌ಇಸಿಸಿ ಬಂತು. ಅದು ದಿನಾ ಪ್ರಕಟಿಸೋ ದರಪಟ್ಟಿಯಲ್ಲಿ ಬೆಂಗಳೂರು, ಮೈಸೂರಿನ ಜೊತೆ ನಮ್ಮ ಪಕ್ಕದ ಹೊಸಪೇಟೆಯ ಹೆಸರೂ ಇರುತ್ತೆ. ಅಂದ್ರೆ ಈ ಸೀಮೆ ಮೊಟ್ಟೆ ವ್ಯಾಪಾರದಲ್ಲಿ ಸಣ್ಣದೇನಲ್ಲ.

ಆದ್ರೆ ಲಸಿಕೆಯ ಪ್ಯಾಕಿಂಗ್ ಕೂಡ ದೊಡ್ಡ ಫಾರ್ಮ್‌ನ ಅಳತೆಗೇ ಆಯ್ತು. 100, 200, 500, 1000 ಡೋಸ್. ಫ್ರಿಜ್ಜು ಬೇಕು, ಐಸ್ ಬೇಕು. ಹತ್ತು ಸಾವಿರ ಕೋಳಿ ಇದ್ದವನಿಗೆ ಒಂದು ಕೋಳಿಯ ಲಸಿಕೆ ಖರ್ಚು ಲೆಕ್ಕಕ್ಕೇ ಬರಲ್ಲ. ಎಂಟು ಕೋಳಿ ಇದ್ದವಳಿಗೆ ಅದೇ ಖರ್ಚು ಒಂದು ಕೋಳಿಯ ಬೆಲೆಗೆ ಹತ್ರ ಹೋಗುತ್ತೆ. ಕಾಮರ್ಸ್‌ನಲ್ಲಿ ಇದನ್ನ ಪ್ರಮಾಣದ ಲಾಭ ಅಂತ ಓದಿದ್ದೆ. ಪ್ರಮಾಣ ಇಲ್ಲದವಳ ನಷ್ಟ ಅಂತ ಅದಕ್ಕೆ ಇನ್ನೊಂದು ಮುಖ ಇದೆ ಅನ್ನೋದು ಆ ಆರು ದಿನದಲ್ಲಿ ಗೊತ್ತಾಯ್ತು.

ನಾನು ಹೇಳಬೇಕಾದ ಒಂದೇ ಮಾತು ಇಲ್ಲಿದೆ. ಗಿಡಮೂಲಿಕೆ ಲಸಿಕೆಯನ್ನ ಸೋಲಿಸಿ ಹಳ್ಳಿಗೆ ಬಂದದ್ದಲ್ಲ. ಲಸಿಕೆ ತಲುಪದ ಕಡೆ ಅದು ಬಂದು ಕೂತಿತು.

ಬಾಟಲಿ ಹೇಗೆ ಬಂತು

ಮೂಲಿಕೆ ಔಷಧಿ ಕಾರ್ಖಾನೆಯಿಂದ ಬರೋದು ಹೊಸದಲ್ಲ. ಹಿಮಾಲಯ ಕಂಪನಿಯ ಲಿವ್ 52 ಮನುಷ್ಯರಿಗೆ ಅಂತ ಬಂದದ್ದೇ 1955ರಲ್ಲಿ. ಕೋಳಿ ಮೇವಿಗೆ ಮೂಲಿಕೆ ದೊಡ್ಡ ವ್ಯಾಪಾರ ಆಗೋಕೆ ಇನ್ನೊಂದು ಕಾರಣ ಬೇಕಿತ್ತು. ಅದು ಆಂಟಿಬಯೋಟಿಕ್. ಕೋಳಿ ಬೇಗ ದಪ್ಪ ಆಗಲಿ ಅಂತ ಮೇವಿಗೆ ಆಂಟಿಬಯೋಟಿಕ್ ಬೆರೆಸೋದನ್ನ ಯುರೋಪ್ 2006ರ ಜನವರಿಯಿಂದ ನಿಲ್ಲಿಸಿತು. ಭಾರತ 2019ರಲ್ಲಿ ಕೊಲಿಸ್ಟಿನ್ ಅನ್ನೋ ಔಷಧಿಯನ್ನ ಆಹಾರಕ್ಕೆ ಸಾಕೋ ಪ್ರಾಣಿಗಳಲ್ಲಿ ಬಳಸದಂತೆ ನಿಷೇಧಿಸಿತು. ಒಳ್ಳೆಯದೇ ಆಯ್ತು. ಖಾಲಿಯಾದ ಆ ಜಾಗಕ್ಕೆ ತುಳಸಿ, ಅಮೃತಬಳ್ಳಿ, ನೆಲನೆಲ್ಲಿ, ನೆಲಬೇವು, ಅಶ್ವಗಂಧದ ಪುಡಿ, ದ್ರವಗಳು ಬಂದವು. ತೂಕಕ್ಕೆ, ಜೀರ್ಣಕ್ಕೆ ಅಂತ ಬಂದದ್ದು ಹಳ್ಳಿ ಅಂಗಡಿ ಮುಟ್ಟೋ ಹೊತ್ತಿಗೆ ವೈರಸ್ಸಿಗೂ ಮದ್ದಾಯ್ತು.

ವಿಜ್ಞಾನ ಏನು ಹೇಳುತ್ತೆ? ಬೇವು, ನುಗ್ಗೆಯ ಸಾರವನ್ನ ರಾಣಿಖೇತ್ ವೈರಸ್ ಜೊತೆ ಬೆರೆಸಿ ಮರಿಗಟ್ಟೋ ಮೊಟ್ಟೆಯಲ್ಲಿ ಪರೀಕ್ಷೆ ಮಾಡಿದ್ದಾರೆ. ಕೆಲವು ಪ್ರಮಾಣದಲ್ಲಿ ವೈರಸ್ ಬೆಳವಣಿಗೆ ಕಮ್ಮಿ ಆಗಿದೆ. ಆದ್ರೆ ಮೊಟ್ಟೆಯೊಳಗೆ ಸಾರ ನೇರವಾಗಿ ವೈರಸ್ಸಿಗೆ ಮುಟ್ಟುತ್ತೆ. ಕೋಳಿ ತಿಂದದ್ದು ಹೊಟ್ಟೆ, ಕರುಳು, ಯಕೃತ್ತು ದಾಟಿ ಶ್ವಾಸನಾಳಕ್ಕೆ ಮುಟ್ಟೋ ಹೊತ್ತಿಗೆ ಅದರಲ್ಲಿ ಏನು ಉಳಿದಿರುತ್ತೆ? ಲಸಿಕೆ ಹಾಕಿದ ಕೋಳಿಗೆ ಜೊತೆಗೆ ಮೂಲಿಕೆ ಕೊಟ್ಟಾಗ ಪ್ರತಿಕಾಯ ಸ್ವಲ್ಪ ಹೆಚ್ಚಿದ ವರದಿಗಳಿವೆ. ಅಲ್ಲಿ 'ಲಸಿಕೆ ಹಾಕಿದ' ಅನ್ನೋ ಮಾತನ್ನ ಬಾಟಲಿಯ ಲೇಬಲ್ ನುಂಗಿಬಿಡುತ್ತೆ.

ಬಿರಿಯಾನಿಗೆ ಹಾಕೋ ಚಕ್ರಮೊಗ್ಗನ್ನ ನೋಡಿ. ಅದರಲ್ಲಿರೋ ಶಿಕಿಮಿಕ್ ಆಮ್ಲದಿಂದಲೇ ಫ್ಲೂ ಮಾತ್ರೆ ಟ್ಯಾಮಿಫ್ಲೂ ತಯಾರಿಸ್ತಾರೆ. 2005ರ ಹಕ್ಕಿಜ್ವರದ ಭಯದಲ್ಲಿ ಜಗತ್ತೇ ಚಕ್ರಮೊಗ್ಗು ಹುಡುಕಿತು. ಹಾಗಂತ ಚಕ್ರಮೊಗ್ಗು ಅಗಿದ್ರೆ ಫ್ಲೂ ಹೋಗಲ್ಲ. ಆ ಆಮ್ಲ ರಸಾಯನಶಾಸ್ತ್ರದ ಎಷ್ಟೋ ಮೆಟ್ಟಿಲು ಹತ್ತಿದ ಮೇಲೆ ಔಷಧಿ ಆಗುತ್ತೆ. ಗಿಡದಲ್ಲಿ ಶಕ್ತಿ ಇರೋದೂ ನಿಜ, ಗಿಡವೇ ಔಷಧಿ ಅಲ್ಲ ಅನ್ನೋದೂ ನಿಜ.

ಪ್ರಾಮಾಣಿಕವಾಗಿ ಪರೀಕ್ಷೆ ಮಾಡಿದ್ರೆ ನಮ್ಮ ಮದ್ದುಗಳು ಎಲ್ಲಿ ನಿಲ್ತವೆ ಅನ್ನೋದಕ್ಕೂ ಉದಾಹರಣೆ ಇದೆ. ಬೆಂಗಳೂರಿನ ಟ್ರಾನ್ಸ್‌ಡಿಸಿಪ್ಲಿನರಿ ವಿಶ್ವವಿದ್ಯಾಲಯ ಮತ್ತು ಎನ್‌ಡಿಡಿಬಿ ಕೆಚ್ಚಲು ಬಾವಿಗೆ ಲೋಳೆಸರ, ಅರಿಶಿನ, ಸುಣ್ಣದ ಲೇಪವನ್ನ ಹಾಲು ಉತ್ಪಾದಕರಿಗೆ ಕಲಿಸಿವೆ. ಇಲ್ಲೂ ಮೊದಲು ದನವೇ, ಗಮನಿಸಿ.

ಇನ್ನೊಂದು ವಿಷಯಕ್ಕೆ ಲ್ಯಾಬ್ ಬೇಡ, ಅಜ್ಜಿ ಸಾಕು. ರೋಗ ಬಂದ ಕೋಳಿ ಮೊದಲು ಮಾಡೋದೇ ಮೇವು ಬಿಡೋದು. ಮೇವಿನಲ್ಲಿರೋ ಮದ್ದು, ಮದ್ದು ಬೇಕಾದ ದಿನವೇ ಕೋಳಿಯ ಹೊಟ್ಟೆಗೆ ಹೋಗಲ್ಲ. ನನ್ನ ತಟ್ಟೆಯಲ್ಲಿ ಬಾಟಲಿ ಬೆರೆಸಿದ ನುಚ್ಚು ಹಾಗೇ ಒಣಗಿ ಕೂತಿತ್ತು.

ಹಕ್ಕಿಜ್ವರದ ಮಾತು ಬೇರೆ. ನಮ್ಮ ದೇಶದಲ್ಲಿ ಅದು ಮೊದಲು ಕಂಡದ್ದು 2006ರ ಫೆಬ್ರವರಿಯಲ್ಲಿ, ಮಹಾರಾಷ್ಟ್ರದ ನವಾಪುರದಲ್ಲಿ. 2025ರಲ್ಲಿ ನಮ್ಮ ಪಕ್ಕದ ಬಳ್ಳಾರಿ ಜಿಲ್ಲೆಯ ಕುರೇಕುಪ್ಪಕ್ಕೂ ಬಂತು. ಅದು ಮನುಷ್ಯರಿಗೂ ಹರಡಬಹುದಾದ ರೋಗ. ಅಲ್ಲಿ ಉಂಡೆ, ಬಾಟಲಿ ಎರಡಕ್ಕೂ ಕೆಲಸ ಇಲ್ಲ. ಒಟ್ಟೊಟ್ಟಿಗೆ ಕೋಳಿ ಸತ್ರೆ ಕೈಯಲ್ಲಿ ಮುಟ್ಟದೆ, ಸಂತೆಗೆ ಒಯ್ಯದೆ ಪಶು ಆಸ್ಪತ್ರೆಗೆ ಹೇಳೋದೊಂದೇ ದಾರಿ. ಕೊಕ್ಕರೆ ರೋಗವೋ ಹಕ್ಕಿಜ್ವರವೋ ಅಂತ ಕಣ್ಣಿನಿಂದ ಹೇಳೋಕೆ ಆಗಲ್ಲ, ಪರೀಕ್ಷೆಯೇ ಹೇಳಬೇಕು.

ಒಂದು ಶೀಷೆ, ಒಂದು ಓಣಿ

ಹಾಗಾದ್ರೆ ಎಂಟು ಕೋಳಿಯವಳ ಪ್ರಶ್ನೆಗೆ ಯಾರೂ ಉತ್ತರ ಹುಡುಕಲಿಲ್ವಾ? ಹುಡುಕಿದ್ರು. ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್ ವಿಶ್ವವಿದ್ಯಾಲಯದ ಪೀಟರ್ ಸ್ಪ್ರಾಡ್‌ಬ್ರೋ ಅನ್ನೋ ವಿಜ್ಞಾನಿ ಬಿಸಿಲು ತಡೆಯೋ ಲಸಿಕೆ ಮೇಲೆ ವರ್ಷಗಟ್ಟಲೆ ಕೆಲಸ ಮಾಡಿದ್ರು. ಮೊದಲು ವಿ4 ಅನ್ನೋ ತಳಿಯನ್ನ ಕಾಳಿಗೆ ಲೇಪಿಸಿ, ಮೇವಿನಲ್ಲೇ ಲಸಿಕೆ ಕೊಡೋ ಪ್ರಯತ್ನ ಮಾಡಿದ್ರು. ಒಂದು ಕಾಳಿನಲ್ಲಿ ಫಲ ಸಿಕ್ರೆ ಇನ್ನೊಂದರಲ್ಲಿ ಸಿಗಲಿಲ್ಲ. ಕಣ್ಣಿಗೆ ಹಾಕೋ ಹನಿಯೇ ಹೆಚ್ಚು ನಂಬಿಕೆಯದ್ದು ಅಂತ ತೀರ್ಮಾನಕ್ಕೆ ಬಂದ್ರು. ಆಮೇಲೆ ಬಂದ ಐ-2 ತಳಿಯನ್ನ ಬಡ ದೇಶಗಳಿಗೆ ಹಣ ಕೇಳದೆ ಕೊಟ್ರು. ಆಫ್ರಿಕಾದ ಮೊಜಾಂಬಿಕ್, ಟಾಂಜಾನಿಯಾದ ಹಳ್ಳಿಗಳಲ್ಲಿ ಹೆಂಗಸರೂ ಮನೆ ಮನೆಗೆ ಹೋಗಿ ಅದನ್ನ ಹಾಕಿದ್ರು. ಮೇವಿನಲ್ಲೇ ರಕ್ಷಣೆ ಕೊಡೋ ಕನಸು ನನ್ನ ಅಂಗಡಿಯವರೊಬ್ಬರದ್ದೇ ಅಲ್ಲ ಅಂತ ಅವತ್ತು ಸ್ವಲ್ಪ ಸಮಾಧಾನ ಆಯ್ತು.

ನಮ್ಮೂರಿನಲ್ಲಿ ನಾವು ಮಾಡಿದ್ದು ಸಣ್ಣ ಕೆಲಸ. 2022ರ ಚಳಿಗಾಲದಲ್ಲಿ ನಮ್ಮ ಓಣಿಯ ಹೆಂಗಸರ ಸಂಘದಲ್ಲಿ ಕೋಳಿ ಎಣಿಸಿದ್ವಿ. ಹದಿನಾಲ್ಕು ಮನೆ, 160 ಕೋಳಿ. 200 ಡೋಸಿನ ಒಂದು ಶೀಷೆ ಸಾಕು. ಖರ್ಚು ಹಂಚಿಕೊಂಡ್ವಿ. ಪಶು ಆಸ್ಪತ್ರೆಯ ಸಿಬ್ಬಂದಿ ಥರ್ಮಾಸ್‌ನಲ್ಲಿ ಐಸ್ ಹಾಕಿ ತಂದುಕೊಟ್ರು, ಹನಿ ಹಾಕೋದು ಹೇಗೆ ಅಂತ ತೋರಿಸಿದ್ರು. ನಸುಕಿನಲ್ಲಿ, ಕೋಳಿ ಬುಟ್ಟಿ ಬಿಡೋಕೆ ಮುಂಚೆ, ಒಬ್ಬರು ಹಿಡಿಯೋದು, ಒಬ್ಬರು ಕಣ್ಣಿಗೆ ಹನಿ ಬಿಡೋದು. ಒಂದೂವರೆ ಗಂಟೆಯಲ್ಲಿ ಮುಗೀತು. ಮೂರ್ನಾಲ್ಕು ತಿಂಗಳಿಗೊಮ್ಮೆ ಮತ್ತೆ ಹಾಕಬೇಕು, ಹಾಕ್ತಿದ್ದೀವಿ. ಒಂದು ಸಲ ತಪ್ಪಿದ್ದೂ ಇದೆ. ಸಂತೆಯಿಂದ ತಂದ ಕೋಳಿಯನ್ನ ಎರಡು ವಾರ ಬೇರೆ ಕಟ್ಟಬೇಕು ಅನ್ನೋ ನಿಯಮಕ್ಕೆ ಇನ್ನೂ ಜಗಳ ನಡೀತಾನೇ ಇದೆ.

ಅಜ್ಜಿ ಮೊದಲ ದಿನ ಕೋಳಿ ಕೊಡಲಿಲ್ಲ. "ಕಣ್ಣಾಗ ನೀರ್ ಬಿಟ್ರ ಗಾಳಿ ನಿಲ್ತೈತೇನ?" ಅಂತ ಕೇಳಿದಳು. ನಾನು ಗಾಳಿಯಲ್ಲೂ ಬರೋ ರೋಗ ಇದು, ನೀನು ಹೇಳಿದ್ದು ಸರಿ, ಆದ್ರೆ ಬರೋಕೆ ಮುಂಚೆ ಬಾಗಿಲು ಹಾಕಬಹುದು ಅಂದೆ. ಎರಡನೇ ಸಲಕ್ಕೆ ತಾನೇ ಬುಟ್ಟಿ ಎತ್ತಿಕೊಂಡು ಬಂದಳು. ಬೆಳ್ಳುಳ್ಳಿ ಉಂಡೆಯನ್ನ ಮಾತ್ರ ಬಿಟ್ಟಿಲ್ಲ. ನಾನೂ ಬಿಡು ಅಂತ ಹೇಳಿಲ್ಲ.

ಆ 40ರ ಗುಂಪಿನಿಂದ ಉಳಿದ ಏಳರಲ್ಲಿ ಒಂದು ಹ್ಯಾಟೆಗೆ ಕತ್ತು ಕೊನೆಯವರೆಗೂ ಸೊಟ್ಟವೇ ಇತ್ತು. ಕಾಳು ಹೆಕ್ಕೋಕೆ ಎರಡು ಮೂರು ಸಲ ಗುರಿ ಇಡಬೇಕಿತ್ತು ಅದಕ್ಕೆ. ಆದ್ರೂ ಎರಡು ಸಲ ಕಾವಿಗೆ ಕೂತು ಮರಿ ಮಾಡಿತು. ಆ ಮರಿಗಳಿಗೆ ಏಳನೇ ದಿನ ಹನಿ ಬಿದ್ದಿತ್ತು.

ನಿಮ್ಮ ಓಣಿಯಲ್ಲಿ ಎಷ್ಟು ಕೋಳಿ ಇವೆ ಅಂತ ಒಮ್ಮೆ ಎಣಿಸಿ ನೋಡಿ.